ಶಾವಿಗೆ ಒರಳು ಮಾರಿದ ಪುಟ

ಸರಕು ಮಾರುವ ಪುಟಗಳನ್ನು ಬರೆಯುವುದು ನನ್ನ ಹೊಟ್ಟೆಪಾಡು. ಹಾಸಿಗೆ, ಕುಕ್ಕರು, ಮಂಡಿನೋವಿನ ಎಣ್ಣೆ, ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸಿ.ಡಿ., ಎಲ್ಲಕ್ಕೂ ಬರೆದಿದ್ದೇನೆ. ಪುಟವೊಂದನ್ನು ಮುಂದಿಟ್ಟರೆ ಇದು ಮಾರುತ್ತದೋ ಇಲ್ಲವೋ ಎಂದು ಅರ್ಧ ಓದುವಷ್ಟರಲ್ಲಿ ಹೇಳಬಲ್ಲೆ, ಬಹುಪಾಲು ಅದು ಸರಿಯಾಗಿಯೇ ಇರುತ್ತದೆ. ಈ ವಿಷಯದಲ್ಲಿ ನನಗೆ ಸಂಕೋಚವಿಲ್ಲ. ಸಂಕೋಚವಿರುವುದು ನನ್ನ ನೆನಪಿನ ಬಗ್ಗೆ. ತೊಂಬತ್ತರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರ ಎಂ.ಎ. ಓದುವಾಗ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತ ಒಂದೇ ಪಾಠವೆಂದರೆ, ಮನುಷ್ಯ ನೆನಪನ್ನು ಪೆಟ್ಟಿಗೆಯಿಂದ ತೆಗೆಯುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಾನೆ ಎಂಬುದು. ಕಟ್ಟುವಾಗ ತನಗೆ ಬೇಕಾದ್ದನ್ನು ಮುಂದಿಡುತ್ತಾನೆ, ಬೇಡದ್ದನ್ನು ಸಣ್ಣಕ್ಷರದಲ್ಲಿ ಕೆಳಗೆ ಹಾಕುತ್ತಾನೆ. ಹಾಗೆ ನೋಡಿದರೆ ನೆನಪೂ ಒಂದು ಮಾರುವ ಪುಟವೇ. ಆದ್ದರಿಂದ ಇಲ್ಲಿ ಅಕ್ಕ ಒಪ್ಪದ ಕಡೆಗಳಲ್ಲಿ ಅವಳ ಮಾತನ್ನೂ ಬರೆದಿದ್ದೇನೆ.

ನಾನು ಬರೆದ ಮೊದಲ ಪುಟ ಶಾವಿಗೆ ಒರಳಿನದು. ಭಾವ ತಯಾರಿಸಿದ, ಹಿಡಿ ತಿರುಗಿಸಿ ಶಾವಿಗೆ ಒತ್ತುವ ಒರಳು.

ಅಕ್ಕ ಭಾವನ ಮನೆ ತಿ. ನರಸೀಪುರದಲ್ಲಿ. ಭಾವ ಮೂಲತಃ ಹೆಮ್ಮಿಗೆಯವರು. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕಬ್ಬಿಣ ಕಡೆಯುವ ಲೇತ್ ಓಡಿಸಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೆಲಸ ಬಿಟ್ಟು, ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ ಒಂದು ಶೆಡ್ಡು ಹಿಡಿದು ಸ್ವಂತ ಲೇತ್ ಹಾಕಿದ್ದರು. ಅದೇ ಕಾರ್ಖಾನೆಯ ಯಂತ್ರಗಳಿಗೆ ಬುಷ್ಷು, ಶಾಫ್ಟು ಮಾಡಿಕೊಡುತ್ತಿದ್ದರು. ಮೂರ್ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಕಾರ್ಖಾನೆಯವರು ಆ ಸಾಮಾನನ್ನೆಲ್ಲ ಹೊರಗಿನಿಂದ ತರಿಸಿಕೊಳ್ಳತೊಡಗಿದರು. ಕೈ ಸುಮ್ಮನಿರದ ಭಾವ ಉಳಿದಿದ್ದ ಕಬ್ಬಿಣ, ಹಿತ್ತಾಳೆಯಲ್ಲಿ ಶಾವಿಗೆ ಒರಳು ಮಾಡತೊಡಗಿದರು. ಒಂದು ಮಾಡಿದರು, ಅಕ್ಕ ಮೆಚ್ಚಿಕೊಂಡಳು. ಆ ಮೆಚ್ಚುಗೆಯ ಮೇಲೆ ಶೆಡ್ಡಿನ ತುಂಬ ಮಾಡಿ ನಿಲ್ಲಿಸಿದರು.

ಒರಳು ನಿಜಕ್ಕೂ ಚೆನ್ನಾಗಿತ್ತು. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆ ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ತಿರುಪು ತಿರುಗುವುದಿಲ್ಲ. ಅವಸರದಲ್ಲಿ ಹಿಡಿ ತಿರುಗಿಸುವಾಗ ಮಾಮೂಲು ಒರಳಿನ ಮೂರು ಕಾಲೂ ಎದ್ದು ಸುತ್ತುತ್ತವೆ. ಅದಕ್ಕೇ ಮನೆಯಲ್ಲಿ ಇನ್ನೊಬ್ಬರು ಕಾಲು ಹಿಡಿದು ಕೂರಬೇಕು. ಭಾವ ಕಾಲುಗಳ ಬುಡಕ್ಕೆ ಅಗಲವಾದ ಒಂದು ಕಬ್ಬಿಣದ ಬಳೆ ಬೆಸೆದಿದ್ದರು. ಸ್ಟೂಲಿನ ಮೇಲೆ ಕೂತು ಬಳೆಯ ಮೇಲೆ ಎರಡು ಪಾದ ಇಟ್ಟರೆ ಒರಳು ಅಲ್ಲಾಡುವುದಿಲ್ಲ. ಒಬ್ಬರೇ ಒತ್ತಬಹುದು.

ಯುಗಾದಿಗೆ ಶೆಡ್ಡಿನ ಕರಾರು ಮುಗಿಯುವುದಿತ್ತು. ಹಳೇ ಕಾರ್ಖಾನೆಯ ಸೂಪರ್‌ವೈಸರು, ಕಾಂಟ್ರಾಕ್ಟಿನ ಮೇಲೆ ಮತ್ತೆ ಶಿಫ್ಟಿಗೆ ಬರುವುದಾದರೆ ಯುಗಾದಿಯೊಳಗೆ ಹೇಳಿಕಳಿಸಿ ಎಂದಿದ್ದರು. ಒರಳು ಹೋದರೆ ಶೆಡ್ಡು, ಇಲ್ಲದಿದ್ದರೆ ಶಿಫ್ಟು. ಒಂದು ಕಾಲದಲ್ಲಿ ತಾವೇ ಕೆಲಸ ಕಲಿಸಿದ ಹುಡುಗರ ಕೈಕೆಳಗೆ ಭಾವ ಮತ್ತೆ ಹಾಜರಿ ಕಾರ್ಡು ಹೊಡೆಯಬೇಕು. ಅವರು ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಕ್ಕ ಹೇಳುತ್ತಿದ್ದಳು, ಅದೂ ನನಗೆ.

"ನೀನು ಓದಿರೋದು ಜನರ ಮನಸ್ಸಿನ ವಿಷಯ ತಾನೆ? ಒಬ್ಬರ ಮನಸ್ಸಿಗಾದ್ರೂ ಈ ಒರಳು ಹತ್ತೋ ಹಂಗೆ ಮಾಡು ನೋಡಾಣ."

ನಾನು ಆಗ ಮೂರನೇ ಕೆಲಸ ಬಿಟ್ಟು ಖಾಲಿ ಇದ್ದೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಅದಕ್ಕೆ ಮುಂಚೆ ಮೈಸೂರಿನಲ್ಲಿ ಮನೆಮನೆಗೆ ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿದ್ದೆ. ಕೊಳ್ಳುವವರನ್ನು ತಡೆಯುವುದು ವಸ್ತುವಿನ ಮೇಲಿನ ಅನುಮಾನವಲ್ಲ, ಮೋಸ ಹೋದೇನೆಂಬ ಭಯ ಎಂದು ಅಲ್ಲಿ ಕಲಿತಿದ್ದೆ. ಭಯ ಹೊರುವ ಕೆಲಸ ಮಾರುವವನು ತಾನೇ ತೆಗೆದುಕೊಂಡರೆ ಕೊಳ್ಳುವವರ ಕೈ ಮುಂದೆ ಬರುತ್ತದೆ. ಇದು ಇವತ್ತಿಗೂ ಸತ್ಯ. ಇಷ್ಟವಾಗದಿದ್ದರೆ ವಾಪಸ್ಸು ಎಂಬ ಸಾಲಿಲ್ಲದ ಪುಟವನ್ನು ನಾನು ಬರೆಯುವುದಿಲ್ಲ. ಆದ್ದರಿಂದ ಒಂದು ಕರಪತ್ರ ಅಚ್ಚು ಹಾಕಿಸಿದೆ: ಒರಳನ್ನು ಮನೆಗೆ ಒಯ್ಯಿರಿ, ಒಂದು ವಾರ ಇಟ್ಟುಕೊಳ್ಳಿ, ಒತ್ತಿ ನೋಡಿ, ಇಷ್ಟವಾದರೆ ಮಾತ್ರ ದುಡ್ಡು ಕೊಡಿ.

ದೀಪಾವಳಿ ಕಳೆದ ಒಂದು ಭಾನುವಾರ ಗೂಡ್ಸ್ ಆಟೋದಲ್ಲಿ ಒರಳು ಹೇರಿಕೊಂಡು ಹೆಮ್ಮಿಗೆಗೆ ಹೋದೆವು. ಭಾವನ ಪರಿಚಯದ ಊರು, ಮಾತು ಬೇಗ ಹರಡಿತು. ಮಧ್ಯಾಹ್ನದೊಳಗೆ ಆಟೋ ಖಾಲಿ. ಭಾವನ ಬೀದಿಯವರೂ ಒಯ್ದರು, ಊರಿನ ಆಚೆ ಬದಿಯ ಬೀದಿಯವರೂ ಬಂದು ಒಯ್ದರು. ವಾಪಸ್ಸು ಬರುವಾಗ ನಾನು ಡ್ರೈವರಿನ ಪಕ್ಕ ಕೂತು ಭಾವನಿಗೆ ಮನಃಶಾಸ್ತ್ರ ಹೇಳುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು. ಅಷ್ಟು ಸಂತೋಷವಾಗಿ ಅವರು ನನ್ನ ಮಾತು ಕೇಳಿದ್ದು ಅದೇ ಮೊದಲು.

ಮುಂದಿನ ಭಾನುವಾರ ದುಡ್ಡು ತರಲೆಂದು ಹೋದೆವು. ಅಕ್ಕನೂ ಬಂದಿದ್ದಳು. ಭಾವನ ಹಳೇ ಮನೆಯ ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಷ್ಟರಲ್ಲಿ ಮೊದಲ ಒರಳು ಬಂತು. ಎದುರುಮನೆ ಹೆಂಗಸು ಒಂದು ಕೈಯಲ್ಲಿ ಒರಳು, ಇನ್ನೊಂದು ಕೈಯಲ್ಲಿ ಬಾಳೆಎಲೆ ಮುಚ್ಚಿದ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದರು.

"ತಗಳಪ್ಪ ನಿಮ್ಮೊರಳ. ಚೆನ್ನಾಗ್ ತೊಳ್ದಿವ್ನಿ, ಬೇಕಾರೆ ನೋಡ್ಕೊ."

"ಯಾಕೆ, ಇಷ್ಟ ಆಗ್ಲಿಲ್ವಾ?" ಎಂದೆ.

"ಆಗ್ದೆ ಏನು? ಬೆಣ್ಣೆ ಇಳ್ದಂಗೆ ಇಳೀತು. ನಮ್ಮೆಜಮಾನ್ರಿಗಂತೂ ಅಬ್ಬನೇ ಆಗೋಯ್ತು. ಒರಳಿನ ಕಾಲ್ ಇಡ್ಕೊಂಡು ಕೂತ್ಕೊಳೊ ಕೆಲ್ಸ ತಪ್ತಲ್ಲ, ಅದಕ್ಕೆ ಎರಡ್ ತಟ್ಟೆ ಜಾಸ್ತಿ ತಿಂದ್ರು."

"ಹಂಗಾದ್ರೆ ವಾಪಸ್ ಯಾಕೆ ತಂದ್ರಿ?"

ಅವರು ನನ್ನನ್ನು ಒಂದು ಗಳಿಗೆ ನೋಡಿ, ಭಾವನ ಕಡೆ ತಿರುಗಿದರು. "ನಿಮ್ದೇ ಅಲ್ವಾ ಒರಳು?"

ತಟ್ಟೆಯಲ್ಲಿ ಶಾವಿಗೆ ಇತ್ತು, ಮೇಲೆ ಎಳ್ಳುಬೆಲ್ಲದ ಪುಡಿ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. ಈ ಊರುಗಳಲ್ಲಿ ಶಾವಿಗೆ ಒರಳು ಕೊಳ್ಳುವ ವಸ್ತುವೇ ಅಲ್ಲ. ಬೀದಿಯಲ್ಲಿ ಒಂದೋ ಎರಡೋ ಮನೆಯಲ್ಲಿರುತ್ತದೆ, ಬೇಕಾದಾಗ ಹೋಗಿ ಈಸಿಕೊಂಡು ಬರುತ್ತಾರೆ, ತೊಳೆದು ವಾಪಸ್ಸು ಕೊಡುವಾಗ ಖಾಲಿ ಕೊಡಬಾರದೆಂದು ಒಂದು ತಟ್ಟೆ ಶಾವಿಗೆ ಜೊತೆಗಿಡುತ್ತಾರೆ. ಲೆಕ್ಕ ಅಲ್ಲಿಗೆ ಚುಕ್ತಾ. ನನ್ನ ಕರಪತ್ರ ಅವರಿಗೆ ಹೇಳಿದ್ದು, ಊರಿಗೆ ಒಳ್ಳೇ ಒರಳು ಬಂದಿದೆ, ಈಸಿಕೊಂಡು ಹೋಗಿ ಎಂದು. ಮಧ್ಯಾಹ್ನದವರೆಗೆ ಒಂದರ ಹಿಂದೊಂದು ಒರಳು, ಒಂದರ ಹಿಂದೊಂದು ತಟ್ಟೆ. ಕಾಯಿಹಾಲಿನದು, ನಿಂಬೆಹಣ್ಣಿನದು, ರಾಗಿಯದು. ದುಡ್ಡಿನ ಮಾತು ಯಾರ ಬಾಯಲ್ಲೂ ಬರಲಿಲ್ಲ, ಕೇಳುವ ಧೈರ್ಯ ನಮಗೂ ಬರಲಿಲ್ಲ.

"ಲೇ ಯೂನಿವರ್ಸಿಟಿ," ಎಂದರು ಭಾವ, ಕಾಯಿಹಾಲಿನದನ್ನು ತಿನ್ನುತ್ತಲೇ. "ಮಾರಕ್ಕೆ ಅಂತ ಕರ್ಕೊಂಬಂದ್ರೆ ಊರಿಗೆಲ್ಲ ಅಬ್ಬ ಮಾಡಿಸ್ಬುಟ್ಟಲ್ಲ. ಇನ್ನೊಂದ್ ಚೀಟಿ ಒಡ್ಸು, ಸಾರೂ ಕಳಿಸ್ತಾರೆ."

ಆಚೆ ಬೀದಿಯಿಂದ ಬಂದ ಒರಳುಗಳ ಜೊತೆ ಶಾವಿಗೆ ಇರಲಿಲ್ಲ. ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ ಇದ್ದವು. ಯಾಕೆಂದು ನಾನು ಕೇಳಲಿಲ್ಲ. ಆ ಬೀದಿಯ ಬೇಯಿಸಿದ ಅಡುಗೆ ಈ ಬೀದಿಯ ಒಲೆಮುಂದೆ ಬರುವುದಿಲ್ಲ, ಅದು ಜಗಲಿಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಅಕ್ಕ ಮಾತ್ರ ಒಬ್ಬ ಮುದುಕಿಗೆ, "ಶಾವಿಗೆನೇ ತರಬಾರದಿತ್ತಾ ಅಜ್ಜಿ?" ಎಂದಳು.

"ತತ್ತೀನಿ ಬುಡವ್ವ, ನೀನ್ ತಿಂದೀಯ ಅಂದ್ರೆ," ಎಂದರು ಅಜ್ಜಿ, ಕಾಯನ್ನು ಮೆಟ್ಟಿಲಿನ ಮೇಲಿಡುತ್ತ.

ಸಂಜೆ ಎಣಿಸಿದಾಗ ಒಂದು ಒರಳು ಬಂದಿರಲಿಲ್ಲ. ಆಚೆ ಬೀದಿಗೆ ಹೋದದ್ದು. ಭಾವ ಬಿಡು ಎಂದರೂ ನಾನು ಹುಡುಕಿಕೊಂಡು ಹೋದೆ. ಆ ಮನೆಯ ಹೆಂಗಸು ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಬಾಗಿಲಲ್ಲೇ ದುಡ್ಡು ತಂದು ನನ್ನ ಕೈಗಿಟ್ಟರು. ಎಣಿಸಿಕೊಳ್ಳಿ ಎಂದರು. ಆಶ್ಚರ್ಯ ನನ್ನ ಮುಖದಲ್ಲಿ ಕಂಡಿರಬೇಕು.

"ಯಾಕ್ ಸಾ, ನಾವು ದುಡ್ಡು ಕೊಟ್ಟು ತಗೊಳಲ್ಲ ಅಂದ್ಕೊಂಡಿದ್ರಾ?"

"ಅಲ್ಲ, ಊರಲ್ಲಿ ಯಾರೂ ತಗೊಳ್ಳಲಿಲ್ಲ. ನೀವು ಯಾಕೆ ತಗೊಂಡ್ರಿ ಅಂತ."

"ನಿಮ್ಮೋರ್ ಬೀದೀಲಿ ಎರಡು ಒರಳಿದೆ. ನಮ್ಮತ್ತೆ ಮದುವೆ ಆಗಿ ಬಂದಾಗಿಂದ್ಲೂ ಇದೆ. ನಾವು ಓಗಿ ಕೇಳಂಗಿಲ್ಲ, ಅವ್ರು ಕೊಡಂಗಿಲ್ಲ. ಈಸ್ಕೊಳಕ್ಕೆ ಒಂದು ಮನೆ ಇದ್ದೋರು ಈಸ್ಕೊತಾರೆ. ಇಲ್ದೋರು ಏನ್ಮಾಡ್ಬೇಕು, ಕೊಂಡ್ಕೊಬೇಕು." ಅವರು ಒಳಗೆ ನೋಡಿ ನಕ್ಕರು. "ಈಗ ನೋಡಿ, ಈ ಬೀದಿಯೋರೆಲ್ಲ ನನ್ನನ್ನ ಕೇಳ್ತಾವ್ರೆ. ನಿಮ್ ವ್ಯಾಪಾರ ಇಲ್ಲಿಗೆ ಮುಗೀತು ಅಂದ್ಕೊಳಿ."

ನರಸೀಪುರಕ್ಕೆ ವಾಪಸ್ಸು ಬರುವಾಗ ಆಟೋದಲ್ಲಿ ಒರಳುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನನಗೆ ಹೊಳೆದದ್ದು ಆಗಲೇ ಎಂದು ನನ್ನ ನೆನಪು. ಕೇಳಿ ತರಲು ಮನೆ ಇಲ್ಲದವರು ಇನ್ನೂ ಎಷ್ಟೋ ಜನ ಇದ್ದಾರೆ. ಮೈಸೂರಿನ ಹೊಸ ಬಡಾವಣೆಗಳಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಶಾವಿಗೆ ತಿಂದು ಬೆಳೆದವರು ತುಂಬಿದ್ದಾರೆ. ಎದುರುಮನೆ ಬಾಗಿಲು ತಟ್ಟಿ ಒರಳಿದೆಯಾ ಎಂದು ಕೇಳಲು ಅವರಿಗೆ ಆಗದು. ನಾವು ಒರಳನ್ನು ಒರಳಿರುವ ಊರಿಗೆ ಹೊತ್ತುಕೊಂಡು ಹೋಗಿದ್ದೆವು.

ಈ ಇಬ್ಬರಿಗೂ ಕೇಳಲಾಗದಿರುವುದು ಒಂದೇ ಕಾರಣಕ್ಕಲ್ಲ. ಅಪಾರ್ಟ್‌ಮೆಂಟಿನವರದು ಸಂಕೋಚ, ಆ ಗುಮಾಸ್ತರದು ಸಂಕೋಚವಲ್ಲ. ಆಮೇಲೆ ನಾನು ಬರೆದ ಸಾಲು ಎರಡನ್ನೂ ಒಂದೇ ಮಾಡಿಬಿಟ್ಟಿತು. ಚೆನ್ನಾಗಿ ಮಾರುವ ಸಾಲುಗಳ ಗುಣವೇ ಅದು, ಬೇರೆಬೇರೆ ನೋವಿನವರೆಲ್ಲ ಇದು ನನ್ನನ್ನೇ ಕುರಿತದ್ದು ಎಂದುಕೊಳ್ಳುವಷ್ಟು ಜಾಗ ಬಿಡುವುದು. ಅದರ ಬಗ್ಗೆ ಹೆಮ್ಮೆಯೂ ಇದೆ, ಪೂರಾ ನೆಮ್ಮದಿಯಂತೂ ಇಲ್ಲ.

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ ಆಗ ಒಂದು ಸೈಬರ್ ಸೆಂಟರ್ ಇತ್ತು. ಅಲ್ಲಿ ಕೂತು ಅರೆಬರೆ ಕಲಿತಿದ್ದ ವಿದ್ಯೆಯಲ್ಲಿ ಒಂದು ವೆಬ್ ಪುಟ ಕಟ್ಟಿದೆ. ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲವಾದ್ದರಿಂದ ಬರೆದದ್ದನ್ನು ಚಿತ್ರ ಮಾಡಿ ಹಾಕಬೇಕಿತ್ತು. ಮೊದಲ ಪುಟದಲ್ಲಿ ಅತ್ಯುತ್ತಮ, ಅಪ್ಪಟ, ಆಕರ್ಷಕ ಎಂಬ ಪದಗಳೆಲ್ಲ ಇದ್ದವು. ಫೋಟೋ ಭಾವನ ಇಷ್ಟದ್ದು: ಒರಳಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಆಯುಧಪೂಜೆಯಲ್ಲಿ ಲೇತ್ ನಿಲ್ಲಿಸುವಂತೆ ನಿಲ್ಲಿಸಿ ತೆಗೆದದ್ದು. ಪರಿಚಯದವರಿಗೆಲ್ಲ ಮೇಲ್ ಮಾಡಿದೆ. ಸಂಕ್ರಾಂತಿಯವರೆಗೆ ಬಂದದ್ದು ಎರಡು ಫೋನು. ಒಬ್ಬರು ಇದು ಪೂಜೆಯ ಸಾಮಾನೇ ಎಂದು ಕೇಳಿದರು. ಇನ್ನೊಬ್ಬರು ಹಳೇ ಕಬ್ಬಿಣ ಕೊಳ್ಳುತ್ತೀರಾ ಎಂದರು.

ಸಂಕ್ರಾಂತಿ ಮರುದಿನ ಅಕ್ಕನನ್ನೂ ಭಾವನನ್ನೂ ಸೈಬರ್ ಸೆಂಟರಿಗೆ ಕರೆದುಕೊಂಡು ಹೋದೆ. ಗುಮಾಸ್ತರ ಮಾತಿನಿಂದ ಹೊಸ ಪುಟ ಬರೆದಿದ್ದೆ. ಮೇಲುಗಡೆಯ ಸಾಲು ಹೀಗಿತ್ತು: ಪಕ್ಕದ ಮನೆಯಲ್ಲಿ ಕೇಳಿ ತರಲು ಆಗದವರಿಗೆ. ಇಲ್ಲಿ ಅಕ್ಕ ನನ್ನನ್ನು ತಡೆಯುತ್ತಾಳೆ. ನಾನು ಬರೆದುಕೊಂಡು ಹೋಗಿದ್ದದ್ದು ಆಧುನಿಕ ಗೃಹಿಣಿಯರಿಗಾಗಿ ಎಂದೂ, ಅದನ್ನು ಅಳಿಸಿ ಇದನ್ನು ಹಾಕಿಸಿದ್ದು ತಾನೆಂದೂ ಹೇಳುತ್ತಾಳೆ. ಇಪ್ಪತ್ತು ಸಲ ಈ ಕಥೆಯನ್ನು ಗಿರಾಕಿಗಳ ಮುಂದೆ ನನ್ನದೆಂದೇ ಹೇಳಿ ಈಗ ನನಗೆ ಆ ಸಾಲನ್ನು ಟೈಪು ಮಾಡಿದ ಬೆರಳುಗಳ ನೆನಪೂ ಇದೆ. ಅಷ್ಟು ಚೊಕ್ಕಟವಾದ ನೆನಪಿನ ಮೇಲೇ ನನಗೆ ಅನುಮಾನ. ಅವಳದೇ ಇರಬಹುದು.

ಮುಂದಿನ ಸಾಲು ಮಾತ್ರ ಖಂಡಿತ ನನ್ನದು, ಯಾಕೆಂದರೆ ಅದಕ್ಕೆ ಬೈಸಿಕೊಂಡದ್ದು ನಾನೇ. ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಒರಳಿದ್ದರೆ ಇದನ್ನು ಕೊಳ್ಳಬೇಡಿ, ಎಂದು ಬರೆದಿದ್ದೆ. ಅದರ ಕೆಳಗೆ, ಇದು ಭಾರ, ಅಟ್ಟದ ಮೇಲೆ ಎತ್ತಿಡುವವರಿಗೆ ಹೇಳಿದ್ದಲ್ಲ, ಎಂದು.

ಭಾವ ಪರದೆಯನ್ನು ಎರಡು ಸಲ ಓದಿದರು. "ಕೊಳ್ಬೇಡಿ ಅಂತ ಯಾವನ್ಲಾ ಅಂಗಡಿ ಮುಂದೆ ಬೋರ್ಡು ಆಕ್ತಾನೆ? ಅವತ್ತು ಈಸ್ಕೊಂಡೋಗಿ ಅಂದೆ, ಇವತ್ತು ಬರ್ಲೇಬೇಡಿ ಅಂತೀಯಲ್ಲ."

"ಭಾವ, ಬೇಡದವರಿಗೆ ಬೇಡ ಅಂದ್ರೆ, ಬೇಕಾದವರು ಇವನು ನಿಜ ಹೇಳ್ತಾನೆ ಅಂತ ಮುಂದಿನ ಸಾಲು ನಂಬ್ತಾರೆ."

"ನಂಬ್ದೆ ಇದ್ರೆ?"

"ಶಿಫ್ಟು ಇದ್ದೇ ಇದೆಯಲ್ಲ," ಎಂದಳು ಅಕ್ಕ.

ಅದು ತಮಾಷೆಗೆ ಆಡಿದ ಮಾತಲ್ಲ. ಭಾವ ಪರದೆಯ ಮುಂದಿನಿಂದ ಎದ್ದು, "ಆಕು," ಎಂದರು.

ಫೋಟೋ ಅಕ್ಕ ಬದಲಿಸಿದಳು. ಹಾರ, ಕುಂಕುಮ ಎಲ್ಲ ಹೋಯಿತು. ಅವಳೇ ಸ್ಟೂಲಿನ ಮೇಲೆ ಕೂತು, ಬಳೆಯ ಮೇಲೆ ಎರಡು ಪಾದ ಇಟ್ಟು, ಹಿಡಿ ತಿರುಗಿಸುವ ಚಿತ್ರ. ಮುಖ ಕಾಣಬಾರದೆಂದು ಹೇಳಿದ್ದರಿಂದ ಸೊಂಟದಿಂದ ಕೆಳಗೆ ಮಾತ್ರ ತೆಗೆದೆ: ಸೀರೆಯ ನೆರಿಗೆ, ಕಾಲುಂಗುರ, ಕಬ್ಬಿಣದ ಬಳೆ, ತಟ್ಟೆಗೆ ಇಳಿಯುತ್ತಿರುವ ಶಾವಿಗೆ, ಅದರಿಂದ ಏಳುತ್ತಿರುವ ಹಬೆ. ಮುಖವಿಲ್ಲದ್ದರಿಂದಲೇ ನೋಡಿದವರು ಆ ಸ್ಟೂಲಿನ ಮೇಲೆ ತಮ್ಮನ್ನೇ ಕೂರಿಸಿಕೊಂಡರು ಎಂಬುದು ನನಗೆ ಆಮೇಲೆ ತಿಳಿಯಿತು. ಇದನ್ನು ನಾನು ಯೋಚಿಸಿ ಮಾಡಿದೆ ಎಂದು ಹಲವು ಕಡೆ ಹೇಳಿದ್ದೇನೆ. ನಿಜವೆಂದರೆ ಅಕ್ಕನ ನಾಚಿಕೆ ಮಾಡಿದ ಕೆಲಸ ಅದು.

ಫೆಬ್ರವರಿಯಲ್ಲಿ ಫೋನು ಬರತೊಡಗಿತು. ಯಾರೋ ಮೈಸೂರಿನ ಒಂದು ಆಫೀಸಿನಲ್ಲಿ ಪುಟವನ್ನು ಪ್ರಿಂಟ್ ತೆಗೆದು ಕಾಫಿ ಕುಡಿಯುವ ಜಾಗದಲ್ಲಿ ಅಂಟಿಸಿದ್ದರಂತೆ. ಮೊದಲ ಒರಳು ಬಸ್ಸಿನ ಟಾಪಿನಲ್ಲಿ ಹೋಯಿತು. ಅದನ್ನು ಕೊಂಡವರು ಬರೆದು ಕಳಿಸಿದರು: ಬಣ್ಣ ಕೆಟ್ಟದಾಗಿದೆ, ಒಂದು ಕಡೆ ಕಿತ್ತುಬಂದಿದೆ, ಆದರೆ ನಮ್ಮ ತಾಯಿ ಎಷ್ಟೋ ದಿನದ ಮೇಲೆ ತಾವೇ ಕೂತು ಶಾವಿಗೆ ಒತ್ತಿದರು. ಬಣ್ಣದ ಮಾತು ತೆಗೆದು ಉಳಿದದ್ದು ಹಾಕು ಎಂದರು ಭಾವ. ನಾನು ಒಂದಕ್ಷರ ಬಿಡದೆ ಪೂರ್ತಿ ಹಾಕಿದೆ. ಬರೀ ಹೊಗಳಿಕೆಯನ್ನು ಓದಿದವರು ನಾವೇ ಬರೆಸಿದ್ದು ಅಂದುಕೊಳ್ಳುತ್ತಾರೆ. ಬಣ್ಣದ ದೂರು ಜೊತೆಗಿದ್ದರೆ ತಾಯಿಯ ಮಾತು ನಿಲ್ಲುತ್ತದೆ. ಮುಂದಿನ ಫೋನುಗಳಲ್ಲಿ ಅರ್ಧಕ್ಕರ್ಧ ಜನ, ಬಣ್ಣ ಸರಿ ಮಾಡಿದ್ರಾ ಎಂದೇ ಮಾತು ಶುರು ಮಾಡಿದರು. ಬಣ್ಣ ಕೇಳುವವರು ಕೊಳ್ಳಲು ಆಗಲೇ ತೀರ್ಮಾನಿಸಿರುತ್ತಾರೆ ಎಂಬುದನ್ನು ನಾನು ಅಲ್ಲಿ ಕಲಿತೆ.

ಯುಗಾದಿಗೆ ಒಂದು ವಾರ ಮುಂಚೆ ಬೆಂಗಳೂರಿನಿಂದ ಬಂದ ಒಂದು ಫೋನನ್ನು ಭಾವನೇ ಎತ್ತಿದರು. ಆಚೆಯ ಮಾತು ನನಗೆ ಕೇಳಿಸಲಿಲ್ಲ, ಈಚೆಯದು ಇಷ್ಟು:

"ಇಲ್ಲ ತಾಯಿ, ಗ್ಯಾರಂಟಿ ಕೊಡಕ್ಕಾಗಲ್ಲ. ಉಂಡೆ ಆರಿಸ್ಬುಟ್ರೆ ಯಾವೊರಳೂ ಒತ್ತಲ್ಲ, ನನ್ದೂ ಒತ್ತಲ್ಲ... ಊಂ... ನಿಮ್ಗೆ ಮಂಡಿ ನೋವಿದ್ರೆ ತಗೋಬೇಡಿ, ಕಾಲ್ ಊರಿ ಕೂರ್ಬೇಕಾಯ್ತದೆ... ಯಾರು, ಮಗಳಾ? ಮಗಳು ಒತ್ತುತಾಳಾ? ಅಂಗಾದ್ರೆ ತಗೊಳಿ."

ರಿಸೀವರ್ ಇಟ್ಟು ನನ್ನ ಕಡೆ ನೋಡದೆ ಲೇತಿನ ಹತ್ತಿರ ಹೋದರು. ನಾನು ಪುಟದಲ್ಲಿ ಬರೆಯದೆ ಬಿಟ್ಟಿದ್ದ ಮಂಡಿಯ ಮಾತನ್ನು ಆವತ್ತೇ ಸೇರಿಸಿದೆ.

ಯುಗಾದಿ ಕಳೆದ ಮೇಲೆ ಶೆಡ್ಡಿನ ಮಾಲೀಕರು ಸ್ಕೂಟರಿನಲ್ಲಿ ಬಂದರು. ಒಳಗೆ ನಿಂತಿದ್ದ ಒರಳುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದವು, ಖಾಲಿ ನೆಲ ಕಾಣುತ್ತಿತ್ತು. ಮಾಲೀಕರಿಗೆ ಅದು ಬೇರೆ ಥರ ಕಂಡಿರಬೇಕು.

"ಏನಪ್ಪ, ಸಾಮಾನೆಲ್ಲ ಸಾಗಿಸ್ಬುಟ್ಟಿದ್ದೀಯ. ಬಿಡೋ ಅಂಗಿದ್ರೆ ಮೊದಲೇ ಏಳ್ಬೇಕಿತ್ತು."

ಅಕ್ಕ ಬಾಗಿಲಲ್ಲಿ ನಿಂತಿದ್ದಳು.

ಭಾವ ಕೈ ಒರೆಸಿಕೊಂಡು ಹಿಂದಿನ ಗೋಡೆಯ ಹತ್ತಿರ ಹೋಗಿ, ಎದೆಯೆತ್ತರದಲ್ಲಿ ಅಂಗೈ ಇಟ್ಟು ತೋರಿಸಿದರು.

"ಇಲ್ಲೊಂದು ಕಿಟಕಿ ಒಡಿಸ್ಕೊಡಿ ಸಾ. ಬೇಸಗೇಲಿ ಒಳಗೆ ನಿಲ್ಲಕ್ಕಾಗಲ್ಲ."

"ಕಿಟಕಿನಾ? ಇಷ್ಟು ವರ್ಷ ಬೇಕಾಗಿರ್ಲಿಲ್ವಲ್ಲ."

"ಬಣ್ಣ ಬಳಿಯೋದು ಇನ್ಮೇಲೆ ಒಳಗೇ. ವಾಸ್ನೆ ಓಗ್ಬೇಕಲ್ಲ."

ಮಾಲೀಕರು ಗೋಡೆ ನೋಡಿದರು, ಭಾವನನ್ನು ನೋಡಿದರು, ಮೇಸ್ತ್ರಿಯನ್ನು ಕಳಿಸುತ್ತೇನೆ ಎಂದು ಸ್ಕೂಟರ್ ಒದ್ದರು. ಅಕ್ಕ ಬಾಗಿಲಿನಿಂದ ಒಳಗೆ ಬಂದು, ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತಳು. ಸೂಪರ್‌ವೈಸರಿಗೆ ಹೇಳಿಕಳಿಸಿದಿರಾ ಎಂದು ಕೇಳಿದಳು.

"ಯುಗಾದಿಗೆ ಮುಂಚೇನೇ ಏಳ್ಬುಟ್ಟೆ," ಎಂದರು ಭಾವ, ಲೇತಿನ ಸ್ವಿಚ್ಚು ಹಾಕುತ್ತ. "ಬರಲ್ಲ ಅಂತ."